ಬೆಂಚು ಹೊರುವವರು ನಾವು, ಸಭೆ ಯಾರದು?

ಹಾಸ್ಟೆಲ್ಲಿನ ಗೆಳೆಯರೆ, ಗೆಳತಿಯರೆ,

ಜನವರಿ 26 ಹತ್ತಿರ ಬಂತೆಂದರೆ ತಾಲ್ಲೂಕು ತಾಲ್ಲೂಕಿನಲ್ಲೂ ಒಂದು ಸಭೆ ನಡೆಯುತ್ತದೆ. ಪೂರ್ವಭಾವಿ ಸಭೆ ಎಂದು ಅದರ ಹೆಸರು. ಕರೆಯುವುದು ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿ. ತಹಸೀಲ್ದಾರರು ನಡುವೆ ಕೂರುತ್ತಾರೆ. ಸುತ್ತ ಇಲಾಖೆಗಳ ಅಧಿಕಾರಿಗಳು, ಊರಿನ ಮುಖಂಡರು, ವರ್ತಕರು, ಎಲ್ಲ ಸಭೆಗೂ ತಪ್ಪದೆ ಬರುವ ನಾಲ್ಕು ಜನ ಹಿರಿಯರು. ಚಾ ಬರುತ್ತದೆ, ಬಿಸ್ಕತ್ತು ಬರುತ್ತದೆ. ವೇದಿಕೆಗೆ ಒಂದು ಸಮಿತಿ, ಸ್ವಾಗತಕ್ಕೆ ಒಂದು, ಉಪಾಹಾರಕ್ಕೆ ಒಂದು, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಒಂದು. ಯಾರ ಹೆಸರು ಮೊದಲು, ಯಾರಿಗೆ ಹಾರ, ಯಾರಿಗೆ ಶಾಲು, ಎಲ್ಲ ತೀರ್ಮಾನವಾಗುತ್ತದೆ. ಇನ್ನೇನು ಏಳಬೇಕು ಅನ್ನುವಾಗ ಮೂಲೆಯಿಂದ ಒಂದು ದನಿ: "ಬೆಂಚು, ಕುರ್ಚಿ ಮೈದಾನಕ್ಕೆ ಸಾಗಿಸಾಕೆ ಯಾರು?" ಉತ್ತರಕ್ಕೆ ತಡವೇ ಇಲ್ಲ: "ಹಾಸ್ಟೆಲ್ ಹುಡುಗ್ರು ಅದಾರಲ್ರೀ."

ಅಷ್ಟೇ. ಇಡೀ ಸಭೆಯಲ್ಲಿ ನಮ್ಮ ಸುದ್ದಿ ಬರುವುದು ಅದೊಂದೇ ಸಲ.

ನಾವು ಹೊತ್ತಿದ್ದೇವೆ. ಪಿಯುಸಿಯಲ್ಲಿ ಹೊತ್ತೆವು, ಬಿ.ಎ.ಯಲ್ಲಿ ಹೊತ್ತೆವು. ಹಿಂದಿನ ರಾತ್ರಿ ಬೆಂಚು ಸಾಗಿಸಿ, ಸುಣ್ಣದ ಗೆರೆ ಎಳೆದು, ಬಾವುಟದ ಗೂಟಕ್ಕೆ ಬಣ್ಣ ಹೊಡೆದು ಮಲಗುವಾಗ ಹನ್ನೆರಡು ದಾಟಿರುತ್ತಿತ್ತು. ನಾವು ಮಲಗಿದ ಮೇಲೆ ನಮ್ಮ ಅಕ್ಕಂದಿರು, ಚಿಕ್ಕಮ್ಮಂದಿರು ಏಳುತ್ತಿದ್ದರು. ನಾಲ್ಕು ಗಂಟೆಯ ಚಳಿಯಲ್ಲಿ ಸೆರಗು ತಲೆಗೆ ಸುತ್ತಿಕೊಂಡು ಮೈದಾನ ಗುಡಿಸುವ ಪೌರಕಾರ್ಮಿಕರು. ಊರಿಗೆಲ್ಲ ರಜೆ, ಅವರಿಗೆ ಎರಡು ಪಟ್ಟು ಕೆಲಸ. ಬೆಳಗಾದ ಮೇಲೆ ಗಣ್ಯರಿಗೆ ಶಾಮಿಯಾನ, ನಮಗೆ ಬಿಸಿಲು. ಹೊತ್ತ ಬೆಂಚಿನ ಮೇಲೆ ನಾವು ಕೂತದ್ದಿಲ್ಲ. ಮೈಕಿನಲ್ಲಿ ಸಮಾನತೆ ಅಂದಾಗ ಚಪ್ಪಾಳೆ ತಟ್ಟುವ ಕೆಲಸವೂ ನಮ್ಮದೇ. ಆಮೇಲೆ ಗಣ್ಯರು ಕಾರು ಹತ್ತುತ್ತಾರೆ, ನಾವು ಮತ್ತೆ ಬೆಂಚು ಎತ್ತುತ್ತೇವೆ.

ಹೊರುವುದು ನಮಗೆ ಕಷ್ಟವೆಂದು ನಾವು ಇದನ್ನು ಬರೆಯುತ್ತಿಲ್ಲ. ಮೂಟೆ ಹೊತ್ತವರ ಮಕ್ಕಳು ನಾವು, ಬೆಂಚು ಯಾವ ಲೆಕ್ಕ? ನಮ್ಮ ಸಿಟ್ಟು ಬೇರೆ ಇದೆ. ಅದು ಹುಟ್ಟಿದ್ದು ಒಂದು ಮಾತಿನಿಂದ.

ಒಂದು ವರ್ಷ ನಾವು ಐದು ಜನ ಕರೆಯದೆಯೇ ಆ ಸಭೆಗೆ ಹೋದೆವು. ಊರಿನ ಹೆಸರು ಬೇಡ, ನಮ್ಮ ಸೀಮೆಯ ಒಂದು ಪೇಟೆ ಅಂದುಕೊಳ್ಳಿ. ಬಾಗಿಲಲ್ಲಿ ನಿಂತೆವು. ಒಬ್ಬ ಅಧಿಕಾರಿ ತಲೆಯೆತ್ತಿ ಕೇಳಿದರು, "ಏನ್ರಪ್ಪಾ, ಏನ್ ಬೇಕಾಗಿತ್ತು?" "ಸಭೆಗೆ ಬಂದೀವಿ ಸಾರ್" ಅಂದೆವು. ಅವರು ಬೈಯಲಿಲ್ಲ. ಗದರಲಿಲ್ಲ. ನಕ್ಕು, ಮೆತ್ತಗೆ ಹೇಳಿದರು: "ನಿಮ್ದು ಏಪ್ರಿಲ್‌ನಾಗೆ ಬರುತ್ತಲ್ರಪ್ಪಾ, ಅವಾಗ ಕರೀತೀವಿ. ಇದು ಎಲ್ಲರ ಹಬ್ಬ."

ಇದು ಎಲ್ಲರ ಹಬ್ಬ!

ಗೆಳೆಯರೆ, ಈ ಮಾತನ್ನು ಬಿಡಿಸಿ ನೋಡಿ. ಎಲ್ಲರ ಹಬ್ಬ ಆದ್ದರಿಂದ ನೀವು ಬರಬೇಡಿ. ಅಂದರೆ 'ಎಲ್ಲರು' ಎಂಬ ಲೆಕ್ಕದಲ್ಲಿ ನಾವಿಲ್ಲ. ಬೈದಿದ್ದರೆ ಕೇಸು ಹಾಕಬಹುದಿತ್ತು. ನಕ್ಕು ಹೇಳಿದ ಮಾತಿಗೆ ಯಾವ ಠಾಣೆಯಲ್ಲಿ ದೂರು ಕೊಡುವುದು?

ಆ ಸಲ ಬಾವುಟ ಹಾರಿದ ಮೇಲೆ ನಾವು ಬೆಂಚು ಎತ್ತಲಿಲ್ಲ. ಶಿರಾಳಕೊಪ್ಪದ ಕಡೆಯ ಬಸ್ಸು ಹತ್ತಿ ಬಂದಳಿಕೆಗೆ ಹೋದೆವು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯನ್ನು ನೋಡದವರು ಒಮ್ಮೆ ನೋಡಿ ಬನ್ನಿ. ಒಂದು ಕಾಲಕ್ಕೆ ನಾಗರಖಂಡ ಎಪ್ಪತ್ತರ ರಾಜಧಾನಿ. ಈಗ ಬನಶಂಕರಿ ಗುಡಿ, ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ, ಹುಲ್ಲಿನ ನಡುವೆ ವೀರಗಲ್ಲುಗಳು. ಶಾಸನಗಳಲ್ಲಿ ಅದಕ್ಕೆ ಬಾಂಧವಪುರ ಎಂದೂ ಹೆಸರಿದೆ. ಬಾಂಧವರ ಪುರ! ನಮ್ಮ ಸಂವಿಧಾನದ ಪೀಠಿಕೆಯಲ್ಲಿ ಸ್ವಾತಂತ್ರ್ಯ, ಸಮಾನತೆಯ ಜೊತೆ ನಿಂತಿರುವುದೂ ಇದೇ ಬಂಧುತ್ವ. ಮೈಕಿನ ಭಾಷಣಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ.

ಆ ಕಲ್ಲುಗಳ ನಡುವೆ ಕೂತು ನಾವು ಜಕ್ಕಿಯಬ್ಬೆಯ ಕತೆ ಮಾತಾಡಿಕೊಂಡೆವು. ರಾಷ್ಟ್ರಕೂಟರ ಕಾಲ, 10ನೆಯ ಶತಮಾನದ ಆರಂಭ. ನಾಗರಖಂಡದ ನಾಳ್ಗಾವುಂಡ ಸತ್ತಾಗ ಆ ಅಧಿಕಾರ ಬಂದದ್ದು ಅವನ ಹೆಂಡತಿ ಜಕ್ಕಿಯಬ್ಬೆಗೆ. ಅವಳು ಚೆನ್ನಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ಕಾಯಿಲೆಯಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ಮಾಡಿದಳು. ಸಾವಿರದ ನೂರು ವರ್ಷದ ಹಿಂದೆ ಎಪ್ಪತ್ತು ಹಳ್ಳಿಯ ಆಡಳಿತ ಒಬ್ಬ ಹೆಂಗಸಿನ ಕೈಗೆ ಹೋಗಲು ಸಾಧ್ಯವಿತ್ತು. ಇವತ್ತು ಒಂದು ದಿನದ ಹಬ್ಬದ ಸಭೆಯಲ್ಲಿ ನಮ್ಮ ಹಾಸ್ಟೆಲ್ಲಿನ ಹುಡುಗಿಯರಿಗೆ ಸಿಗುವುದು ಆರತಿ ತಟ್ಟೆ ಮತ್ತು ದೇಶಭಕ್ತಿ ಗೀತೆಯ ಡ್ಯಾನ್ಸು.

ನಮ್ಮಲ್ಲೊಬ್ಬ ಶಾಸನದ ಕಲ್ಲಿನ ಮೇಲೆ ಬೆರಳಾಡಿಸುತ್ತ ಕೇಳಿದ: "ಇದರಾಗೆ ಯಾರ್ ಯಾರ ಹೆಸರು ಇರ್ತಾವೋ?" ನಾವು ಓದಿದ್ದು ನೆನಪಿಸಿಕೊಂಡೆವು. ರಾಜನ ಹೆಸರು ಇರುತ್ತದೆ. ಭೂಮಿ ಕೊಟ್ಟವರ, ಪಡೆದವರ ಹೆಸರು ಇರುತ್ತದೆ. ಸಾಕ್ಷಿಗಳ ಹೆಸರು ಇರುತ್ತದೆ. ಅಲ್ಲಲ್ಲಿ ಕೆತ್ತಿದವನ ಹೆಸರೂ ಉಂಟು. "ಮತ್ತೆ ಇಷ್ಟು ದೊಡ್ಡ ಕಲ್ಲು ಹೊತ್ತು ತಂದೋರು?" ಅಂದ. ನಾವು ಸುಮ್ಮನಾದೆವು. ಅವನೇ ನಕ್ಕು ಹೇಳಿದ: "ಹಂಗಾರೆ ಇದು ಆ ಕಾಲದ ನಡಾವಳಿ ಬಿಡ್ರೋ."

ಹೌದು ಗೆಳೆಯರೆ. ನಡಾವಳಿ ಅನ್ನುವುದು ಈ ಕಾಲದ ಶಾಸನ. ಸಭೆಗೆ ಯಾರು ಬಂದಿದ್ದರು, ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು, ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಅಲ್ಲಿ ಹೆಸರಿದ್ದವರು 'ಎಲ್ಲರು'. ಇಲ್ಲದವರು ಹೊರುವವರು.

ಹಬ್ಬ ನಡೆಯುವುದು ಮೈದಾನದಲ್ಲಿ ಎಂದು ನಾವು ತಿಳಿದಿದ್ದೇವೆ. ತಪ್ಪು. ಹಬ್ಬ ಆ ಸಭೆಯಲ್ಲೇ ಮುಗಿದಿರುತ್ತದೆ. ಮೈದಾನದಲ್ಲಿ ನಡೆಯುವುದು ಅದರ ಕವಾಯತು ಮಾತ್ರ. ಯಾರ ಫೋಟೋ ಮೇಜಿನ ಮೇಲೆ ಬರಬೇಕು, ಯಾವ ಹಾಡು, ಯಾರ ಕೈಯಲ್ಲಿ ಮೈಕು, ಯಾರಿಗೆ ನೆರಳು, ಯಾರಿಗೆ ಬಿಸಿಲು, ಇದೆಲ್ಲ ಚಾ ಕುಡಿಯುವ ಹೊತ್ತಿಗೇ ಇತ್ಯರ್ಥ.

ನಂಬಿಕೆ ಇಲ್ಲವೆ? 2022ರ ಜನವರಿ 26ನ್ನು ನೆನಪಿಸಿಕೊಳ್ಳಿ. ರಾಯಚೂರಿನ ಜಿಲ್ಲಾ ನ್ಯಾಯಾಲಯದ ಗಣರಾಜ್ಯೋತ್ಸವದಲ್ಲಿ ಬಾಬಾಸಾಹೇಬರ ಭಾವಚಿತ್ರವನ್ನು ತೆಗೆಸಿದ ಮೇಲೆ ಧ್ವಜಾರೋಹಣ ನಡೆಯಿತು ಎಂಬ ಆರೋಪ ಬಂತು. ನ್ಯಾಯಾಧೀಶರು ತಮ್ಮ ವಿವರಣೆ ಕೊಟ್ಟರು. ಜನ ಒಪ್ಪಲಿಲ್ಲ. ರಾಜ್ಯದುದ್ದಕ್ಕೂ ಬೀದಿಗಿಳಿದರು. ಫೆಬ್ರುವರಿ 19ರಂದು ಬೆಂಗಳೂರು ನೀಲಿಯಾಯಿತು. ಅದೇ ಫೆಬ್ರುವರಿಯಲ್ಲಿ ಹೈಕೋರ್ಟು ಸುತ್ತೋಲೆ ಹೊರಡಿಸಿತು: ಕೋರ್ಟುಗಳ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ, ಸಂವಿಧಾನ ದಿನದ ಸಮಾರಂಭಗಳಲ್ಲಿ ಅಂಬೇಡ್ಕರ್ ಭಾವಚಿತ್ರ ಇಡಬೇಕು. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ಕ್ಕೆ. ಅದರ ಕರಡು ಸಮಿತಿಯ ಅಧ್ಯಕ್ಷರ ಫೋಟೋ ಆ ಸಂವಿಧಾನದ ಹಬ್ಬದ ಮೇಜಿನ ಮೇಲೆ ಬರಲು ಸುತ್ತೋಲೆ ಬೇಕಾಯಿತು. 72 ವರ್ಷ ಬೇಕಾಯಿತು. ಜನ ಬೀದಿಗಿಳಿಯಬೇಕಾಯಿತು. ಮೊದಲೇ ಎಲ್ಲರೂ ಕೂತ ಒಂದು ಸಭೆಯಲ್ಲಿ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿದ್ದ ಕೆಲಸ ಅದು.

ಇನ್ನೊಂದು. 2020ರ ಆಗಸ್ಟ್ 15. ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯ ಆತುಪಾಕ್ಕಂ ಪಂಚಾಯಿತಿ. ಅಧ್ಯಕ್ಷೆ ದಲಿತ ಹೆಂಗಸು. ಜನ ಆರಿಸಿ ಕಳಿಸಿದ ಅಧ್ಯಕ್ಷೆ. ಆಕೆ ಬಾವುಟ ಹಾರಿಸಲಾಗದಂತೆ ಮಾಡಿದರು. ಸುದ್ದಿಯಾಯಿತು. ಕೆಲವು ದಿನದ ಮೇಲೆ ಜಿಲ್ಲಾಧಿಕಾರಿ ಬಂದು ಪಕ್ಕದಲ್ಲಿ ನಿಂತು ಆಕೆಯ ಕೈಯಿಂದಲೇ ಹಾರಿಸಿದರು. ಮೀಸಲಾತಿಯಿಂದ ಕುರ್ಚಿ ಸಿಕ್ಕಿತು. ಹಗ್ಗ ಯಾರ ಕೈಗೆ ಅನ್ನುವುದನ್ನು ಊರಿನವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು.

ಈಗ ಆ ಏಪ್ರಿಲ್ ಸಭೆಗೆ ಬನ್ನಿ. ನಮ್ಮನ್ನು ಕರೆಯುವ ಸಭೆ. ಅಲ್ಲಿ ನಮಗೆ ಮುಂದಿನ ಸಾಲಿನಲ್ಲೇ ಕುರ್ಚಿ. "ನಿಮ್ಮ ಹಬ್ಬ, ನೀವೇ ಹೇಳ್ರಿ" ಅನ್ನುತ್ತಾರೆ. ವರ್ತಕರು ಆ ದಿನ ಬರುವುದಿಲ್ಲ. ನಾಲ್ಕು ಜನ ಹಿರಿಯರಿಗೆ ಮೈ ಸರಿ ಇರುವುದಿಲ್ಲ. ಇದೇನು ಮರ್ಯಾದೆಯೋ, ಕೇರಿ ಕಟ್ಟುವ ಹೊಸ ಉಪಾಯವೋ? ಬಸವಣ್ಣ ಲಿಂಗಾಯತರಿಗೆ, ಕನಕ ಕುರುಬರಿಗೆ, ವಾಲ್ಮೀಕಿ ನಾಯಕರಿಗೆ, ಕೆಂಪೇಗೌಡ ಒಕ್ಕಲಿಗರಿಗೆ, ಅಂಬೇಡ್ಕರ್ ನಮಗೆ. ಮಹಾಪುರುಷರನ್ನು ಓಣಿ ಓಣಿಗೆ ಹಂಚಿ ಪಹಣಿ ಮಾಡಿಕೊಟ್ಟಿದ್ದಾರೆ. ಆ ಪಹಣಿಯಲ್ಲಿ ಜನವರಿ 26 ಮತ್ತು ಆಗಸ್ಟ್ 15 ಮಾತ್ರ 'ಎಲ್ಲರ' ಹೆಸರಿಗೆ. ಅಂದರೆ ಅವರ ಹೆಸರಿಗೆ. ಇಡೀ ದೇಶಕ್ಕೆ ಕಾನೂನು ಬರೆದುಕೊಟ್ಟವರನ್ನು ಒಂದು ಕೇರಿಯ ಕುಲದೇವರು ಮಾಡಿ ಕೂರಿಸಿ, ವರ್ಷಕ್ಕೊಂದು ಹಾರ ಹಾಕಿ ಕೈತೊಳೆದುಕೊಳ್ಳುವ ಏರ್ಪಾಟು ಇದು.

ನಮ್ಮ ಸೀಮೆಯ ಮಣ್ಣು ಇಂಥ ಏರ್ಪಾಟು ಒಪ್ಪುವ ಮಣ್ಣಲ್ಲ. ಇದೇ ಶಿಕಾರಿಪುರ ತಾಲ್ಲೂಕಿನ ಈಸೂರನ್ನು ನೋಡಿ. 1942ರಲ್ಲಿ ಆ ಊರು ತನ್ನನ್ನು ತಾನೇ ಸ್ವತಂತ್ರ ಎಂದು ಸಾರಿಕೊಂಡಿತು. ಗುಡಿಯ ಮೇಲೆ ಬಾವುಟ ಏರಿಸಿತು. ತನ್ನದೇ ಸರ್ಕಾರ ಮಾಡಿಕೊಂಡು ಅಮಲ್ದಾರನನ್ನಾಗಿ, ಸಬ್ ಇನ್ಸ್‌ಪೆಕ್ಟರನನ್ನಾಗಿ ಯಾರನ್ನು ನೇಮಿಸಿತು ಗೊತ್ತೆ? ಇಬ್ಬರು ಹುಡುಗರನ್ನು. ಮುಂದಿನದು ನಿಮಗೆ ಗೊತ್ತು: ಪೊಲೀಸರು, ಗಲಾಟೆ, ಸಾವು, 1943ರ ಮಾರ್ಚ್‌ನಲ್ಲಿ ಐದು ಜನಕ್ಕೆ ಗಲ್ಲು. ಬಾವುಟಕ್ಕಾಗಿ ಜೀವ ಕೊಟ್ಟ ತಾಲ್ಲೂಕು ಇದು. ಅಂದು ಹುಡುಗರ ತಲೆಯ ಮೇಲೆ ಅಮಲ್ದಾರನ ರುಮಾಲು ಇಟ್ಟು ದೊರೆಗಳನ್ನು ಅಣಕಿಸಿದ ಸೀಮೆಯಲ್ಲಿ ಇಂದು ಹುಡುಗರ ತಲೆಯ ಮೇಲೆ ಬೆಂಚು!

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡು. 1951. ಗಣರಾಜ್ಯಕ್ಕೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಗೇಣಿ ಅಳೆಯುವ ಕೊಳಗ ನ್ಯಾಯವಾಗಿರಲಿ ಎಂದು ಕೇಳಿದ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಬೇಕಾಯಿತು. ಲೋಹಿಯಾ ಬಂದರು, ಅವರನ್ನೂ ಹಿಡಿದರು. ಸೊರಬ ತಾಲ್ಲೂಕಿನ ಚಂದ್ರಗುತ್ತಿ. 1986ರ ಮಾರ್ಚ್. ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ, ಕಾವಲಿಗೆ ಬಂದ ಪೊಲೀಸರ ಮೇಲೆ ಗುಂಪು ಬಿದ್ದಿತು. ಅವರ ಬಟ್ಟೆ ಕಿತ್ತು ಬೆತ್ತಲೆ ಮಾಡಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ನಮ್ಮ ಅಕ್ಕತಂಗಿಯರ ಮೈಮೇಲೆ ಬಟ್ಟೆ ಉಳಿಯಲೆಂದು ತಮ್ಮ ಬಟ್ಟೆ ಹರಿಸಿಕೊಂಡವರ ಸಂಘಟನೆ ಕಟ್ಟಿದ್ದು ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ, ಬಿ. ಕೃಷ್ಣಪ್ಪ ಎಂಬ ಕಾಲೇಜು ಮೇಷ್ಟ್ರು.

ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20. ಈಸೂರಿನ ಗಲ್ಲು ಮಾರ್ಚ್. ಚಂದ್ರಗುತ್ತಿ ಮಾರ್ಚ್. ಈ ದಿನಗಳಿಗೆ ರಜೆ ಕೊಡಿ ಎಂದು ನಾವು ಕೇಳುವುದಿಲ್ಲ. ರಜೆ ಸಿಕ್ಕರೆ ಅವಕ್ಕೂ ಒಂದು ಶಾಮಿಯಾನ, ಒಂದು ಹಾರ, ಒಂದು ವಂದನಾರ್ಪಣೆ ಗ್ಯಾರಂಟಿ. ಈ ದಿನಗಳನ್ನು ಬಲ್ಲವರು ಜನವರಿ 26ರ ಸಭೆಯಲ್ಲಿ ಕೂತಿರಬೇಕು. ನಮ್ಮ ಕೇಳಿಕೆ ಅಷ್ಟೇ.

ನಮ್ಮವರೇ ಕೆಲವರು ಕೇಳುತ್ತಾರೆ: "ಭೂಮಿ ಕೇಳ್ರೋ, ನೌಕರಿ ಕೇಳ್ರೋ. ಹಾಸ್ಟೆಲ್ ಸಾರಿನಾಗೆ ಬೇಳೆ ಇಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ. ಇವರಿಗೆ ಹಬ್ಬದ ಸಭೆ ಚಿಂತೆ!" ಈ ಪ್ರಶ್ನೆ ಹಗುರವಲ್ಲ. ಭೂಮಿಯನ್ನೂ ಕೇಳುತ್ತೇವೆ, ಬೇಳೆಯನ್ನೂ ಕೇಳುತ್ತೇವೆ. ಆದರೆ ಮಹಾಡದಲ್ಲಿ ಬಾಬಾಸಾಹೇಬರು ಕೆರೆಗಿಳಿದದ್ದು ಬಾಯಾರಿಕೆಗಾಗಿ ಆಗಿರಲಿಲ್ಲ. ನಾವೂ ಮನುಷ್ಯರು ಎಂದು ನೆಟ್ಟಗೆ ನಿಂತು ಹೇಳಲಿಕ್ಕೆ. ಒಂದು ದಿನದ ಹಬ್ಬದ ಸಭೆಯಲ್ಲಿ ಕೂರಲು ಬಿಡದವರು ಭೂಮಿ ಹಂಚುವ ಸಭೆಯಲ್ಲಿ ಕೂರಿಸುತ್ತಾರೆಯೆ? ಸಾರಿನ ಬೇಳೆಯ ಲೆಕ್ಕ ಬರೆಯುವುದೂ ಇಂಥದೇ ಒಂದು ಮೇಜಿನ ಮೇಲೆ. ಆ ಕೋಣೆಯ ಬಾಗಿಲು ಇಲ್ಲಿಂದಲೇ ತೆಗೆಯಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದೂ ಇದನ್ನೇ: ವೋಟಿನಲ್ಲಿ ಸಮಾನತೆ ಬರುತ್ತದೆ, ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ, ಈ ಇಬ್ಬಂದಿತನವನ್ನು ಬೇಗ ಮುಗಿಸದಿದ್ದರೆ ಕಟ್ಟಿದ ಮನೆಯೇ ಬೀಳುತ್ತದೆ ಎಂದು. ಆ ಎಚ್ಚರಿಕೆ ಕೇಳಿದ ಮರುದಿನವೇ ಸಂವಿಧಾನ ಅಂಗೀಕಾರವಾಯಿತು. ಈಗ ಆ ದಿನವನ್ನು ಸಂವಿಧಾನ ದಿನ ಎಂದು ಆಚರಿಸುತ್ತಾರೆ. ಎಚ್ಚರಿಕೆಯನ್ನು ಓದುವವರು ಎಷ್ಟು ಜನ?

ಇನ್ನು ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಬೇರೆಯವರ ಸಭೆಗೆ ಉಗಿದು ನಮ್ಮ ಸಭೆಗೆ ಹೂ ಹಾಕಿದರೆ ಅದು ಚಳವಳಿಯಲ್ಲ.

ಏಪ್ರಿಲ್ 14ಕ್ಕೆ ನಾವೇ ನಡೆಸುವ ತಯಾರಿ ಸಭೆ ಹೇಗಿರುತ್ತದೆ? ಡಿಜೆ ಎಷ್ಟು ಬಾಕ್ಸಿನದು ಅನ್ನುವುದಕ್ಕೆ ಎರಡು ಗಂಟೆ. ಫ್ಲೆಕ್ಸಿನಲ್ಲಿ ಯಾರ ಮುಖ ಯಾರ ಪಕ್ಕ ಅನ್ನುವುದಕ್ಕೆ ಎರಡು ಗಂಟೆ. ನಲವತ್ತು ಮುಖಗಳ ನಡುವೆ ಬಾಬಾಸಾಹೇಬರನ್ನು ಹುಡುಕಬೇಕು. ವರ್ಷವೆಲ್ಲ ನಮ್ಮವರ ಕೂಲಿ ಹಿಡಿದಿಟ್ಟ ಕಂಟ್ರಾಕ್ಟರನ ಹತ್ತಿರ ಚಂದಾ ಎತ್ತಿ, ಅವನನ್ನೇ ವೇದಿಕೆ ಹತ್ತಿಸುತ್ತೇವೆ. ಹೊಲೆಯರ ಹುಡುಗರು ಒಂದು ಕಡೆ, ಮಾದಿಗರ ಹುಡುಗರು ಒಂದು ಕಡೆ. ಏಪ್ರಿಲ್ 5ರ ಜಗಜೀವನ್ ರಾಮ್ ಅವರಿಗೆ, 14ರ ಅಂಬೇಡ್ಕರ್ ಇವರಿಗೆ ಎಂದು ನಾವೂ ಪಹಣಿ ಬರೆಸಿಕೊಂಡಿದ್ದೇವೆ. ತಾಂಡಾದ ಹುಡುಗರಿಗೆ ಹೇಳಿಕಳಿಸಿದ್ದೇವೆಯೆ? ಭೋವಿ ಕಾಲೋನಿಗೆ? ಹುಡುಗಿಯರು ಬಂದರೆ "ನೀವು ರಂಗೋಲಿ ನೋಡ್ಕಳ್ರಿ" ಅಂದವರು ಯಾರು? ನಾವೇ. ಮೆರವಣಿಗೆ ಹೋದ ಬೀದಿಯಲ್ಲಿ ಬಿದ್ದ ಲೋಟ, ಹೂವು, ಪಟಾಕಿ ಕಾಗದವನ್ನು ಮರುದಿನ ಬೆಳಿಗ್ಗೆ ಗುಡಿಸಿದವರು ಯಾರು? ನಮ್ಮ ಅವ್ವಂದಿರು. ಬಾಬಾಸಾಹೇಬರ ಜಯಂತಿಯೂ ಅವರಿಗೆ ಕಸವಾಗಿಯೇ ತಲುಪಿತು. ಇದಕ್ಕಿಂತ ನಾಚಿಕೆ ಬೇರೆ ಬೇಕೆ?

ಅದಕ್ಕೇ ಬಂದಳಿಕೆಯ ಕಲ್ಲುಗಳ ನಡುವೆ ಆ ದಿನ ನಾವೂ ಒಂದು ಪೂರ್ವಭಾವಿ ಸಭೆ ಮಾಡಿದೆವು. ಚಾ ಇರಲಿಲ್ಲ. ಶೇಂಗಾ ಇತ್ತು. ನೋಟ್‌ಬುಕ್ಕಿನ ಹಾಳೆಯಲ್ಲಿ ನಡಾವಳಿ ಬರೆದು ಐವರೂ ಸಹಿ ಹಾಕಿದೆವು. ಆ ತೀರ್ಮಾನಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ. ನಿಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಿ.

ಒಂದು: ಜನವರಿ, ಆಗಸ್ಟ್, ನವೆಂಬರ್, ಪ್ರತಿ ಸಭೆಗೂ ಹಾಸ್ಟೆಲ್ಲುಗಳಿಂದ ಒಬ್ಬ ಹುಡುಗ, ಒಬ್ಬ ಹುಡುಗಿ, ಪೌರಕಾರ್ಮಿಕರಿಂದ ಒಬ್ಬರು ಸದಸ್ಯರಾಗಿ ಕೂರಬೇಕು. ಒಂದು ತಿಂಗಳು ಮೊದಲೇ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ. ಬಾಯಿಮಾತು ಬೇಡ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಎರಡು: ಕರೆಯದಿದ್ದರೂ ಹೋಗಿ. ಕುರ್ಚಿ ಇಲ್ಲದಿದ್ದರೆ ಒಂದು ಬೆಂಚು ಹೊತ್ತುಕೊಂಡು ಹೋಗಿ ಹಾಕಿಕೊಂಡು ಕೂರಿ. ಹೊರುವುದು ನಮಗೆ ಬರುತ್ತದೆ.

ಮೂರು: ಸಭೆ ಮುಗಿದ ಮೇಲೆ ನಡಾವಳಿಯ ನಕಲು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ, ಒಂದು ಅರ್ಜಿ, ಮೂವತ್ತು ದಿನ. ಹತ್ತು ವರ್ಷದ ನಡಾವಳಿ ತೆಗೆಸಿ, ನಮ್ಮ ಹೆಸರು ಎಷ್ಟು ಕಡೆ ಇದೆ ಎಂದು ಎಣಿಸಿ, ಗೋಡೆಗೆ ಅಂಟಿಸಿ.

ನಾಲ್ಕು: ಬೆಂಚು ಹೊರುವ ಕೆಲಸ ಎಲ್ಲರಿಗೂ ಹಂಚಲಿ. ಹಬ್ಬ ಎಲ್ಲರದಾದರೆ ಬೆಂಚೂ ಎಲ್ಲರದು. ಗೌಡರ ಮಗನೂ ಶೆಟ್ಟರ ಮಗನೂ ಒಂದು ತುದಿ ಹಿಡಿಯಲಿ, ಇನ್ನೊಂದು ತುದಿಯನ್ನು ನಾವು ಖುಷಿಯಿಂದ ಹಿಡಿಯುತ್ತೇವೆ. ಬಂಧುತ್ವ ಅಂದರೆ ಅದೇ.

ಐದು: ಆ ದಿನ ಪೀಠಿಕೆಯನ್ನು ಮೈಕಿನಲ್ಲಿ ಓದುವವರು ಆ ಮೈದಾನ ಗುಡಿಸಿದ ಹೆಂಗಸಾಗಿರಲಿ. ಓದು ಬಾರದಿದ್ದರೆ ನಾವು ಒಂದು ತಿಂಗಳು ಕೂತು ಬಾಯಿಪಾಠ ಮಾಡಿಸುತ್ತೇವೆ. ಮರುದಿನ ಅವರಿಗೆ ಸಂಬಳ ಸಹಿತ ರಜೆ ಕೊಡಲಿ.

ಆರು: ಕೇರಿಯಲ್ಲಿ, ತಾಂಡಾದಲ್ಲಿ, ಹಾಸ್ಟೆಲ್ಲಿನ ಅಂಗಳದಲ್ಲಿ ನಾವೇ ಬಾವುಟ ಏರಿಸೋಣ. 2002ರ ಜನವರಿ 26ರಿಂದ ಜಾರಿಯಲ್ಲಿರುವ ಧ್ವಜ ಸಂಹಿತೆ ಸಾಮಾನ್ಯ ಮನುಷ್ಯನಿಗೂ ಆ ಹಕ್ಕು ಕೊಟ್ಟಿದೆ. ಯಾರ ಅಪ್ಪಣೆಯೂ ಬೇಡ, ಗೌರವದಿಂದ ಏರಿಸಿ ಗೌರವದಿಂದ ಇಳಿಸಿದರೆ ಸಾಕು. ಹಗ್ಗವನ್ನು ಕೇರಿಯ ಹಿರಿಯ ಮುದುಕಿಯ ಕೈಗೆ ಕೊಡಿ.

ಏಳು: ನಮ್ಮ ಏಪ್ರಿಲ್ ಸಭೆಗೆ ಊರಿನ ಎಲ್ಲ ಓಣಿಗೂ ಕರೆ ಹೋಗಲಿ. ಡಿಜೆಯ ದುಡ್ಡಿನಲ್ಲಿ ಹಾಸ್ಟೆಲ್ಲಿಗೆ ಪುಸ್ತಕ ಬರಲಿ. ಮೆರವಣಿಗೆಯ ಬೀದಿಯನ್ನು ಮೆರವಣಿಗೆ ಮಾಡಿದವರೇ ಗುಡಿಸಲಿ.

ಇದರಲ್ಲಿ ಯಾವುದೂ ಕ್ರಾಂತಿಯಲ್ಲ ಎಂದು ನಮಗೆ ಗೊತ್ತು. ಒಂದು ಕುರ್ಚಿ, ಒಂದು ಹಾಳೆ, ಒಂದು ಸಹಿ. ಆದರೆ ಆ ಹಾಳೆಯಲ್ಲಿ ಹೆಸರಿಲ್ಲದೆ ಸಾವಿರ ವರ್ಷ ಕಲ್ಲು ಹೊತ್ತಿದ್ದೇವೆ. ಬಂದಳಿಕೆಯ ಗುಡಿಗಳು ಇನ್ನೂ ನಿಂತಿವೆ, ಹೊತ್ತವರು ಯಾರೆಂದು ಕೇಳಿದರೆ ಕಲ್ಲು ಮಾತಾಡುವುದಿಲ್ಲ. ಮುಂದಿನ ಸಾವಿರ ವರ್ಷದ ಮಕ್ಕಳು ಬಂದು ನಮ್ಮ ತಾಲ್ಲೂಕು ಕಚೇರಿಯ ಹಳೆಯ ಕಡತ ಬಿಚ್ಚಿದಾಗ ಅಲ್ಲಿಯೂ ಅದೇ ಮೌನ ಇರಬಾರದು.

ಮುಂದಿನ ಪೂರ್ವಭಾವಿ ಸಭೆಯ ದಿನಾಂಕವನ್ನು ತಾಲ್ಲೂಕು ಕಚೇರಿಯ ಬೋರ್ಡಿನಲ್ಲಿ ನೋಡಿಕೊಳ್ಳಿ. ಹಾಸ್ಟೆಲ್ಲಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಆ ದಿನ ಬಾಗಿಲಲ್ಲಿ ನಿಲ್ಲಬೇಡಿ. ಒಳಗೆ ಹೋಗಿ ಕೂರಿ. "ಏನ್ ಬೇಕಾಗಿತ್ತು?" ಅಂದರೆ ಹೇಳಿ:

"ಎಲ್ಲರ ಹಬ್ಬ ಅಂದ್ರಲ್ಲ ಸಾರ್, ಬಂದೀವಿ."

ಜೈ ಭೀಮ್.